ತಿಮಿಂಗಿಲವೆಂಬ ಬೈಗುಳು

ಗೋಕಾಕದ ಬಸ್ಸು ನಿಲ್ದಾಣದ ಹತ್ತಿರದ ಚಹದಂಗಡಿಯೊಂದರಲ್ಲಿ ಕೆಲವು ದಿನಗಳ ಹಿಂದೆ ಕಿವಿಗೆ ಬಿದ್ದ ಒಂದು ಮಾತೇ ಈ ಲೇಖನಕ್ಕೆ ನೆಪ. ಯಾವುದೋ ಊರಿನ ಯಾವುದೋ ಕಚೇರಿಯ ಗುಮಾಸ್ತರೊಬ್ಬರು ಲಂಚದ ಹಣದೊಡನೆ ಸಿಕ್ಕಿಬಿದ್ದ ಸುದ್ದಿಯನ್ನು ಹಿರಿಯರೊಬ್ಬರು ಗಟ್ಟಿಯಾಗಿ ಓದಿ ಮುಗಿಸಿದರು. ಕನ್ನಡಕ ತೆಗೆದು ಪಕ್ಕದವರ ಕಡೆಗೆ ತಿರುಗಿ, “ಸಣ್ಣ ಮೀನ ಸಿಕ್ಕೈತ್ರೀ ಮಾಸ್ತರ, ತಿಮಿಂಗಿಲ ಇನ್ನೂ ಒಳಗ ಈಸಾಕತ್ತೈತಿ!” ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮಾತು ಅಷ್ಟು ಸೊಗಸಾಗಿತ್ತು.

ಮನೆಗೆ ಬಂದ ಮೇಲೆ ಆ ಮಾತು ನನ್ನನ್ನು ಕಾಡತೊಡಗಿತು. ಸಮುದ್ರದಿಂದ ದೂರ, ಘಟ್ಟದ ಮೂಡಣಕ್ಕಿರುವ ಈ ಸೀಮೆಯಲ್ಲಿ ತಿಮಿಂಗಿಲವನ್ನು ಕಂಡವರು ಎಷ್ಟು ಮಂದಿ? ಆದರೂ ಆ ಹೆಸರು ಎಲ್ಲರಿಗೂ ಗೊತ್ತು. ಅದರ ಅರ್ಥವೂ ಗೊತ್ತು. ಅರ್ಥವೆಂದರೆ ಪ್ರಾಣಿಯಲ್ಲ, ಬೈಗುಳು. ಭೂಮಿ ನುಂಗಿದವನು ತಿಮಿಂಗಿಲ, ಖಜಾನೆ ನುಂಗಿದವನು ತಿಮಿಂಗಿಲ. ನಮ್ಮ ದಿನಪತ್ರಿಕೆಗಳ ತಲೆಬರಹಗಳಲ್ಲಿ ಆ ಬಡಪ್ರಾಣಿ ಸಮುದ್ರದಲ್ಲಿ ಈಜಿದ್ದಕ್ಕಿಂತ ಸರಕಾರಿ ಕಚೇರಿಗಳಲ್ಲಿ ಈಜಿದ್ದೇ ಹೆಚ್ಚು. ಅದೇ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಇನ್ನೊಂದು ಬಗೆಯ ಸುದ್ದಿಯೂ ಬರುತ್ತದೆ: ಕರಾವಳಿಯ ಮರಳದಂಡೆಗೆ ಸತ್ತ ತಿಮಿಂಗಿಲವೊಂದು ಬಂದು ಬಿದ್ದಿತು, ಬಲೆಗೆ ಸಿಕ್ಕ ಡಾಲ್ಫಿನ್ ಒಂದರ ಹೆಣ ತೇಲಿಬಂದಿತು. ಮೊದಲ ಪುಟದ ರೂಪಕಕ್ಕೂ ಒಳಪುಟದ ಹೆಣಕ್ಕೂ ಏನಾದರೂ ಸಂಬಂಧವಿದೆಯೇ? ಇದೆಯೆಂಬುದೇ ನನ್ನ ವಾದ. ಒಂದು ಭಾಷೆ ಒಂದು ಪ್ರಾಣಿಯನ್ನು ಯಾವ ಹೆಸರಿನಿಂದ ಕರೆಯುತ್ತದೆಯೋ ಅದಕ್ಕೆ ತಕ್ಕಂತೆಯೇ ಆ ಭಾಷೆಯ ಜನ ಅದನ್ನು ನಡೆಸಿಕೊಳ್ಳುತ್ತಾರೆ. ಆದುದರಿಂದ ಪ್ರಾಣಿಶಾಸ್ತ್ರಜ್ಞರಷ್ಟೇ ಅಲ್ಲ, ವಿಮರ್ಶಕರೂ ಕೈಹಾಕಬೇಕಾದ ವಿಷಯವಿದು.

ಶಬ್ದದಿಂದಲೇ ತೊಡಗೋಣ. ‘ತಿಮಿ’ ಎಂದರೆ ದೊಡ್ಡ ಮೀನು. ಅದನ್ನು ನುಂಗುವುದು ತಿಮಿಂಗಿಲ. ನಮ್ಮ ಹಿರಿಯರ ಕಲ್ಪನೆ ಅಲ್ಲಿಗೂ ನಿಲ್ಲಲಿಲ್ಲ. ತಿಮಿಂಗಿಲವನ್ನೂ ನುಂಗುವ ‘ತಿಮಿಂಗಿಲಗಿಲ’ವೊಂದನ್ನು ಅವರು ಸೃಷ್ಟಿಸಿದರು. ಹೆಸರಿನಲ್ಲಿಯೇ ನುಂಗುವಿಕೆಯಿದೆ. ದೊಡ್ಡದು ಚಿಕ್ಕದನ್ನು ತಿನ್ನುವ ಮತ್ಸ್ಯನ್ಯಾಯದ ಏಣಿಯಲ್ಲಿ ಅದಕ್ಕೆ ಮೇಲಿನ ಮೆಟ್ಟಿಲು. ಅಮರಸಿಂಹನೂ ತನ್ನ ಕೋಶದ ವಾರಿವರ್ಗದಲ್ಲಿ ತಿಮಿಂಗಿಲವನ್ನು ಮೀನುಗಳ ಸಾಲಿನಲ್ಲಿಯೇ ಇಟ್ಟಿದ್ದಾನೆ. ಆದರೆ ಅದೇ ಕೋಶದಲ್ಲಿ ಒಂದು ಸೋಜಿಗವಿದೆ. ಮೀನುಗಳ ಪಟ್ಟಿ ಮುಗಿದ ಮೇಲೆ, ಮೀನಲ್ಲದ ಜಲಜಂತುಗಳನ್ನು ಹೆಸರಿಸುವಾಗ ಅವನು ಶಿಶುಮಾರವನ್ನೂ ಉದ್ರವನ್ನೂ ಅಕ್ಕಪಕ್ಕದಲ್ಲಿ ಕೂಡಿಸುತ್ತಾನೆ. ಉದ್ರವೆಂದರೆ ನೀರುನಾಯಿ. ಶಿಶುಮಾರವನ್ನು ನದಿಯ ಡಾಲ್ಫಿನ್ ಎಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ಗಂಗೆಯ ದಂಡೆಯವರು ಇಂದಿಗೂ ಬಳಸುವ ‘ಸೂಂಸ್’ ಎಂಬ ಹೆಸರು ಆ ಶಬ್ದದ ತದ್ಭವ. ಉಸಿರಾಡಲು ನೀರಿನ ಮೇಲೆ ಬರುವ, ಮರಿಗೆ ಹಾಲುಣಿಸುವ ಎರಡು ಪ್ರಾಣಿಗಳು ಹೀಗೆ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಕಣ್ಣಾರೆ ಕಂಡ ನದಿಯ ಪ್ರಾಣಿಯ ವಿಷಯದಲ್ಲಿ ಸಂಪ್ರದಾಯ ತಪ್ಪಲಿಲ್ಲ. ಕಾಣದ ಕಡಲಿನ ಪ್ರಾಣಿಯ ವಿಷಯದಲ್ಲಿ ಮಾತ್ರ ಭಯ ಕಣ್ಣಿನ ಕೆಲಸ ಮಾಡಿತು.

ಹಳೆಗನ್ನಡದ ಚಂಪೂಕವಿಗಳಿಗೂ ಇದೇ ಕಷ್ಟವಿತ್ತು. ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವೂ ಒಂದು. ಕವಿ ಸಮುದ್ರವನ್ನು ಕಂಡಿರಲಿ ಬಿಡಲಿ, ವರ್ಣಿಸಬೇಕು. ಘಟಪ್ರಭೆಯ ದಂಡೆಯ ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಹುಟ್ಟಿದ ರನ್ನನಂಥ ಮಹಾಕವಿಗೂ ಆ ಸಂಪ್ರದಾಯ ತಪ್ಪಿದ್ದಲ್ಲ. ತಿಮಿ, ಮಕರ, ನಕ್ರಗಳ ಹೆಸರುಗಳು ಒಂದು ಕಾವ್ಯದಿಂದ ಇನ್ನೊಂದು ಕಾವ್ಯಕ್ಕೆ ಒಡವೆಗಳಂತೆ ಇಳಿದುಬಂದವು. ಅದನ್ನು ದೋಷವೆನ್ನಲಾರೆ, ಆ ಕಾಲದ ಕಾವ್ಯಕ್ಕೆ ಪ್ರಾಣಿ ಬೇಕಾಗಿರಲಿಲ್ಲ, ಭವ್ಯತೆ ಬೇಕಾಗಿತ್ತು. ಇಂದು ನಾವು ಭವ್ಯತೆಯನ್ನು ಕೈಬಿಟ್ಟಿದ್ದೇವೆ, ಬಾಯಿಯನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಈಗ ಆ ಬಾಯಿಯ ನಿಜಸ್ಥಿತಿಯನ್ನು ನೋಡೋಣ. ಭೂಮಿಯ ಮೇಲೆ ಹುಟ್ಟಿದ ಪ್ರಾಣಿಗಳಲ್ಲೆಲ್ಲ ದೊಡ್ಡದು ನೀಲಿ ತಿಮಿಂಗಿಲ. ಉದ್ದ ೩೦ ಮೀಟರಿನವರೆಗೆ. ತೂಕ ನೂರೈವತ್ತು ಟನ್ನನ್ನೂ ಮೀರಬಹುದು. ಇಷ್ಟಾಗಿ ಅದರ ಆಹಾರ ಕ್ರಿಲ್ ಎಂಬ, ಬೆರಳುದ್ದವೂ ಇಲ್ಲದ ಸಿಗಡಿಯಂಥ ಜೀವಿ. ಅದಕ್ಕೆ ಹಲ್ಲುಗಳೇ ಇಲ್ಲ; ಬಾಯಿಯಲ್ಲಿ ಜರಡಿಯಂಥ ಪಟ್ಟಿಗಳಿವೆ. ಗಂಟಲು ಎಷ್ಟು ಕಿರಿದೆಂದರೆ ಒಬ್ಬ ಮನುಷ್ಯನನ್ನು ನುಂಗಲೂ ಅದಕ್ಕೆ ಆಗದು. ಅದು ಮೀನೂ ಅಲ್ಲ. ಬಿಸಿ ನೆತ್ತರಿನ ಪ್ರಾಣಿ, ಶ್ವಾಸಕೋಶದಿಂದ ಉಸಿರಾಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಮರಿ ಹಾಕಿ ಹಾಲುಣಿಸಿ ಸಾಕುತ್ತದೆ. ಹಲ್ಲುಳ್ಳ ಸ್ಪರ್ಮ್ ತಿಮಿಂಗಿಲಗಳಲ್ಲಿ ಅಜ್ಜಿ, ತಾಯಿ, ಮಗಳು ಕೂಡಿಯೇ ಬಾಳುತ್ತಾರೆ. ಒಬ್ಬಳು ಆಳಕ್ಕಿಳಿದು ಬೇಟೆಯಾಡುವಾಗ ಅವಳ ಮರಿಯನ್ನು ಉಳಿದವರು ಕಾಯುತ್ತಾರೆ. ನಮ್ಮ ಒಕ್ಕಲು ಮನೆತನಗಳ ರೀತಿಯೇ ಇದು. ಲಂಚಕೋರನಿಗೆ ಈ ಹೆಸರನ್ನು ಕೊಡುವಾಗ ನಾವು ಯಾರನ್ನು ಅವಮಾನಿಸುತ್ತಿದ್ದೇವೆಂಬುದನ್ನು ಓದುಗರೇ ನಿರ್ಧರಿಸಬೇಕು.

‘ಮೀನು’ ಎಂಬ ಒಂದು ತಪ್ಪು ಹೆಸರಿನಿಂದ ಆಗುವ ಹಾನಿ ಕೇವಲ ಮಾತಿನದಲ್ಲ. ನೀರಿನಲ್ಲಿರುವ ಮೀನಿಗೆ ಉಸಿರಿನ ಚಿಂತೆಯಿಲ್ಲವೆಂದು ನಾವು ತಿಳಿದಿದ್ದೇವೆ. ಆದರೆ ನೀರೊಳಗಿನ ಬಲೆಗೆ ಸಿಕ್ಕ ಡಾಲ್ಫಿನ್ ಮೇಲೆ ಬರಲಾರದೆ ಉಸಿರುಗಟ್ಟಿ ಸಾಯುತ್ತದೆ. ನಮ್ಮ ಕರಾವಳಿಯಲ್ಲಿ ಅವುಗಳಿಗಿರುವ ದೊಡ್ಡ ಅಪಾಯ ಬೇಟೆಗಾರನದಲ್ಲ, ಬೇರೆ ಮೀನಿಗಾಗಿ ಬಿಟ್ಟ ಬಲೆಯದು. ದಂಡೆಗೆ ಬಿದ್ದ ಜೀವಂತ ತಿಮಿಂಗಿಲದ ಮೇಲೆ ನೀರೆರಚುವ ದಯಾಳುಗಳು ಅದರ ನೆತ್ತಿಯ ಮೂಗಿಗೇ ನೀರು ಸುರಿದರೆ ಅದೂ ಕೊಲೆಯೇ. ಹೆಸರು ಸರಿಯಾಗಿದ್ದರೆ ಕೈಯೂ ಸರಿಯಾಗಿ ನಡೆಯುತ್ತದೆ.

ತಿಮಿಂಗಿಲವನ್ನು ಕುರಿತು ಜಗತ್ತಿನಲ್ಲಿ ಬಂದ ಅತ್ಯಂತ ದೊಡ್ಡ ಕೃತಿ ಹರ್ಮನ್ ಮೆಲ್‌ವಿಲ್ಲನ ‘ಮೋಬಿ ಡಿಕ್’. ೧೮೫೧ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ನಮ್ಮ ಕಾಲೇಜುಗಳಲ್ಲಿ ಕೇಡಿನ ಸಂಕೇತ, ವಿಧಿಯ ಸಂಕೇತ ಎಂದೆಲ್ಲ ಪಾಠ ಹೇಳುತ್ತ ಬಂದಿದ್ದೇವೆ. ಸಂಕೇತದ ಹೊಗೆಯಲ್ಲಿ ಪ್ರಾಣಿ ಮರೆಯಾಗಿದೆ. ಮೆಲ್‌ವಿಲ್ಲನೇ ತಿಮಿಂಗಿಲ ಮೀನೆಂದು ಹಟ ಹಿಡಿದು ವಾದಿಸುತ್ತಾನೆ. ಲಿನೇಯಸನು ಅದನ್ನು ಸಸ್ತನಿಗಳ ಜೊತೆಗೆ ಸೇರಿಸಿ ಆಗಲೇ ತೊಂಬತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು. ಬೇಟೆಯಿಂದ ತಿಮಿಂಗಿಲದ ಕುಲ ಅಳಿಯಬಹುದೇ ಎಂದು ಒಂದು ಅಧ್ಯಾಯವನ್ನೇ ಬರೆದು, ಅಳಿಯದೆಂದು ತೀರ್ಮಾನ ಕೊಡುತ್ತಾನೆ. ಇಷ್ಟು ದೊಡ್ಡ ಲೇಖಕ ಇಷ್ಟು ದೊಡ್ಡ ತಪ್ಪು ಮಾಡಿದ್ದು ಅಪರೂಪ. ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಯಂತ್ರದ ಹಡಗುಗಳು ಸುಮಾರು ೨೯ ಲಕ್ಷ ತಿಮಿಂಗಿಲಗಳನ್ನು ಕೊಂದವು. ಅಂಟಾರ್ಕ್‌ಟಿಕದ ನೀಲಿ ತಿಮಿಂಗಿಲಗಳಲ್ಲಿ ನೂರಕ್ಕೆ ಒಂದರಷ್ಟೂ ಉಳಿಯದ ಕಾಲ ಬಂದಿತು.

ಆದರೆ ಲೇಖಕನ ತೀರ್ಪಿಗಿಂತ ಅವನ ಕಣ್ಣು ದೊಡ್ಡದು. ಅದೇ ಕಾದಂಬರಿಯಲ್ಲಿ ಬೇಟೆಯ ದೋಣಿಯೊಂದು ತಿಮಿಂಗಿಲಗಳ ಮಹಾಸಮೂಹದ ನಡುವಿನ ನಿಶ್ಚಲವಾದ ನೀರಿಗೆ ಸೇರಿಬಿಡುವ ಪ್ರಸಂಗವಿದೆ. ಕೆಳಗೆ ನೋಡಿದರೆ ತಾಯಂದಿರು ಮರಿಗಳಿಗೆ ಹಾಲುಣಿಸುತ್ತಿದ್ದಾರೆ. ಆಗ ತಾನೆ ಹುಟ್ಟಿದ ಮರಿಯೊಂದರ ಹೊಕ್ಕುಳುಬಳ್ಳಿ ಇನ್ನೂ ತಾಯಿಯಿಂದ ಬೇರೆಯಾಗಿಲ್ಲ. ಬೇಟೆಯ ಹಗ್ಗಕ್ಕೆ ಇಂಥ ಹೊಕ್ಕುಳುಬಳ್ಳಿಗಳು ಸುತ್ತಿಕೊಳ್ಳುವುದುಂಟೆಂದು ಅವನು ಬರೆಯುತ್ತಾನೆ. ನನಗೆ ಇಡೀ ಕಾದಂಬರಿಯ ತಿರುಳು ಅಲ್ಲಿದೆ ಎನಿಸುತ್ತದೆ. ರಾಕ್ಷಸನನ್ನು ಅರಸಿ ಹೋದವನಿಗೆ ಬಾಣಂತಿ ಕಂಡಳು. ಕಂಡರೂ ಅವನು ಈಟಿ ಕೆಳಗಿಡಲಿಲ್ಲ.

ಮೆಲ್‌ವಿಲ್ಲನು ನಮ್ಮ ಮತ್ಸ್ಯಾವತಾರವನ್ನೂ ಬಿಟ್ಟಿಲ್ಲ. ವಿಷ್ಣುವಿನ ಮೊದಲ ಅವತಾರವೇ ತಿಮಿಂಗಿಲವೆಂದು ಹೇಳಿ, ಕುದುರೆ ಏರಿದವನು ಸವಾರನಾದಂತೆ ತಿಮಿಂಗಿಲವಾದ ವಿಷ್ಣುವೂ ತಿಮಿಂಗಿಲ ಬೇಟೆಗಾರರ ಬಳಗಕ್ಕೆ ಸೇರಿದವನೆಂದು ನಗೆಯಾಡುತ್ತಾನೆ. ನಗೆ ಇರಲಿ. ನಮ್ಮ ಕಥೆಯ ಮರ್ಮ ಅವನಿಗೆ ಸಿಕ್ಕಲಿಲ್ಲ. ಶತಪಥ ಬ್ರಾಹ್ಮಣದಲ್ಲಿ ಮನುವಿನ ಕೈನೀರಿಗೆ ಬಂದ ಪುಟ್ಟ ಮೀನು ಮೊದಲು ಕೇಳುವುದೇ ರಕ್ಷಣೆಯನ್ನು. ದೊಡ್ಡ ಮೀನುಗಳು ನಮ್ಮನ್ನು ತಿನ್ನುತ್ತವೆ, ನನ್ನನ್ನು ಸಾಕು, ನಿನ್ನನ್ನು ನಾನು ಕಾಪಾಡುವೆ ಎಂಬುದು ಅದರ ಮಾತಿನ ಸಾರ. ಮನು ಅದನ್ನು ಗಡಿಗೆಯಲ್ಲಿ ಸಾಕಿ, ಹೊಂಡದಲ್ಲಿ ಬೆಳೆಸಿ, ಕಡಲಿಗೆ ಒಯ್ದು ಬಿಡುತ್ತಾನೆ. ಪ್ರಳಯ ಬಂದಾಗ ಅವನ ನಾವೆಯ ಹಗ್ಗ ಅದೇ ಮೀನಿನ ಕೊಂಬಿಗೆ ಕಟ್ಟಲ್ಪಡುತ್ತದೆ. ಮತ್ಸ್ಯನ್ಯಾಯವನ್ನು ಹೇಳಿದ ಸಂಪ್ರದಾಯವೇ ಮತ್ಸ್ಯನ್ಯಾಯಕ್ಕೆ ಉತ್ತರವನ್ನೂ ಹೇಳಿದೆ. ಮೆಲ್‌ವಿಲ್ಲನ ಹಗ್ಗದ ತುದಿಯಲ್ಲಿ ಈಟಿಯಿದೆ; ಮನುವಿನ ಹಗ್ಗದ ತುದಿಯಲ್ಲಿ ನಾವೆಯಿದೆ.

ಈ ಎರಡನೆಯ ಹಗ್ಗ ಕೇವಲ ಪುರಾಣವಲ್ಲ. ಆಳದಲ್ಲಿ ಮೇದು ಮೇಲೆ ಬಂದು ಮಲ ವಿಸರ್ಜಿಸುವ ತಿಮಿಂಗಿಲಗಳು ಕಬ್ಬಿಣ, ಸಾರಜನಕಗಳನ್ನು ಕಡಲಿನ ಮೇಲ್ಪದರಕ್ಕೆ ತರುತ್ತವೆ. ಅದರಿಂದ ಕಣ್ಣಿಗೆ ಕಾಣದ ಸಸ್ಯಕಣಗಳು ಬೆಳೆಯುತ್ತವೆ. ಭೂಮಿಯಲ್ಲಿ ಉತ್ಪತ್ತಿಯಾಗುವ ಆಮ್ಲಜನಕದ ಸುಮಾರು ಅರ್ಧ ಪಾಲು ಕಡಲಿನ ಇಂಥ ಕಣಗಳದು. ಅವನ್ನು ತಿಂದು ಕಿರುಜೀವಿಗಳು, ಕಿರುಜೀವಿಗಳಿಂದ ಮೀನುಗಳು. ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ಹೊಲದಲ್ಲಿ ಕುರಿ ತರುಬಿಸಿ ಹಿಕ್ಕೆಗೊಬ್ಬರ ಹಾಕಿಸುವುದು ಅವನಿಗೆ ಗೊತ್ತು. ನುಂಗುವವನೆಂದು ನಾವು ಬೈದವನು ನಿಜಕ್ಕೂ ಗೊಬ್ಬರ ಹಾಕುವ ಒಕ್ಕಲಿಗ.

ಬಾಯಿಯ ರೂಪಕದ ಬಳಿಕ ಬಂದದ್ದು ಥೈಲಿಯ ರೂಪಕ. ೨೦೨೧ರಿಂದೀಚೆಗೆ ಬೆಂಗಳೂರು ಮೊದಲಾದೆಡೆಗಳಲ್ಲಿ ‘ತಿಮಿಂಗಿಲದ ವಾಂತಿ’ ಹಿಡಿದ ಸುದ್ದಿಗಳು, ಕೋಟಿಗಳ ಲೆಕ್ಕದೊಡನೆ, ಮತ್ತೆ ಮತ್ತೆ ಅಚ್ಚಾಗಿವೆ. ಅದು ಅಂಬರ್‌ಗ್ರಿಸ್, ಸುಗಂಧದ್ರವ್ಯಗಳ ಪರಿಮಳವನ್ನು ಹಿಡಿದಿಡಲು ಬಳಕೆಯಾಗುತ್ತ ಬಂದ ವಸ್ತು. ಸ್ಪರ್ಮ್ ತಿಮಿಂಗಿಲಗಳಲ್ಲಿ ಕೆಲವೇ ಕೆಲವುಗಳ ಕರುಳಿನಲ್ಲಿ, ಜೀರ್ಣವಾಗದ ಸ್ಕ್ವಿಡ್ ಕೊಕ್ಕುಗಳ ಸುತ್ತ ಅದು ಗಟ್ಟಿಗೊಳ್ಳುತ್ತದೆ. ಕರುಳಿನಿಂದ ಮಲದ ದಾರಿಯಲ್ಲಿ ಹೊರಬರುತ್ತದೆಂಬುದೇ ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯವಾದ್ದರಿಂದ ‘ವಾಂತಿ’ಯೆಂಬ ಮಾತೂ ಸರಿಯಲ್ಲ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದರ ವ್ಯಾಪಾರ ಅಪರಾಧ. ಆದರೆ ಸುದ್ದಿಯನ್ನು ಬರೆಯುವ ರೀತಿ ನೋಡಿ: ತೂಕ, ಬೆಲೆ, ಆರೋಪಿಗಳ ಸಂಖ್ಯೆ ಎಲ್ಲ ಇರುತ್ತದೆ, ತಿಮಿಂಗಿಲ ಮಾತ್ರ ಇರುವುದಿಲ್ಲ. ಓದಿದವನ ಮನಸ್ಸಿನಲ್ಲಿ ಉಳಿಯುವುದು ಅಪರಾಧವಲ್ಲ, ಬೆಲೆ.

ಸಜ್ಜನರ ಲೆಕ್ಕವೂ ಈ ದೋಷದಿಂದ ಪೂರ್ತಿ ಪಾರಾಗಿಲ್ಲ. ೨೦೧೯ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಪತ್ರಿಕೆಯಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಒಂದು ದೊಡ್ಡ ತಿಮಿಂಗಿಲ ಸರಾಸರಿ ೩೩ ಟನ್ ಇಂಗಾಲದ ಡೈಆಕ್ಸೈಡನ್ನು ಕಟ್ಟಿಡುತ್ತದೆಂದೂ ಅದರ ಬೆಲೆ ೨೦ ಲಕ್ಷ ಡಾಲರಿಗೂ ಹೆಚ್ಚೆಂದೂ ಬರೆದರು. ಉದ್ದೇಶ ಒಳ್ಳೆಯದು. ಆದರೆ ಬೆಲೆ ಕಟ್ಟಿ ಉಳಿಸಿದ್ದನ್ನು ಹೆಚ್ಚಿನ ಬೆಲೆ ಬಂದಾಗ ಮಾರುವುದು ಪೇಟೆಯ ಧರ್ಮ. ನಮ್ಮ ಮನೆಯ ಅಜ್ಜಿಯ ಬೆಲೆ ಎಷ್ಟೆಂದು ನಾವು ಕೇಳುವುದಿಲ್ಲ.

ಹಾಗಾದರೆ ಬೇರೆ ಮಾತು ಸಾಧ್ಯವೇ? ಸಾಧ್ಯವೆಂಬುದಕ್ಕೆ ಎರಡು ನಿದರ್ಶನಗಳಿವೆ. ೧೯೭೦ರಲ್ಲಿ ರೋಜರ್ ಪೇನ್ ಎಂಬ ಅಮೆರಿಕದ ವಿಜ್ಞಾನಿ ಗೂನುಬೆನ್ನಿನ ತಿಮಿಂಗಿಲಗಳ ಹಾಡನ್ನು ಗ್ರಾಮಫೋನ್ ತಟ್ಟೆಯಾಗಿ ಹೊರತಂದರು. ಬಾಯಿಯೆಂದುಕೊಂಡಿದ್ದು ಕಂಠವೂ ಹೌದೆಂದು ಲಕ್ಷಾಂತರ ಜನ ಕೇಳಿ ತಿಳಿದರು. ಆ ತಟ್ಟೆಯೊಂದರಿಂದಲೇ ಎಲ್ಲವೂ ಆಯಿತೆಂದಲ್ಲ. ಆದರೆ ಜನಮನ ತಿರುಗಿತು. ೧೯೮೨ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆಯನ್ನು ನಿಲ್ಲಿಸಲು ನಿರ್ಧರಿಸಿತು. ೧೯೮೬ರಿಂದ ಅದು ಜಾರಿಗೆ ಬಂದಿತು. ಕೆಲವು ಜಾತಿಗಳು ಅಂದಿನಿಂದ ಚೇತರಿಸಿಕೊಂಡಿವೆ. ಎರಡನೆಯದು ನಮ್ಮ ದೇಶದ್ದೇ. ಗುಜರಾತಿನ ಕಡಲಿನಲ್ಲಿ ಮೀನುಗಾರರು ತಿಮಿಂಗಿಲ ಶಾರ್ಕನ್ನು ಬೇಟೆಯಾಡುತ್ತಿದ್ದರು. ಅದು ಹೆಸರಿಗೆ ಮಾತ್ರ ತಿಮಿಂಗಿಲ, ಜಾತಿಯಿಂದ ಮೀನೇ. ೨೦೦೧ರಲ್ಲಿ ಕಾಯಿದೆ ಅದಕ್ಕೆ ರಕ್ಷಣೆ ಕೊಟ್ಟಿತು. ೨೦೦೪ರಲ್ಲಿ ಕಥಾವಾಚಕ ಮೊರಾರಿ ಬಾಪು ಅದನ್ನು ‘ವ್ಹಾಲಿ’, ಎಂದರೆ ಪ್ರೀತಿಯ ಮಗಳು, ಹೆರಿಗೆಗೆಂದು ತವರಿಗೆ ಬಂದವಳು ಎಂದು ಕರೆದರು. ತವರಿಗೆ ಬಂದ ಮಗಳನ್ನು ಕೊಲ್ಲುವವರಾರು? ಮೀನುಗಾರರು ಬೆಲೆಬಾಳುವ ಬಲೆಯನ್ನು ಕತ್ತರಿಸಿ ಅದನ್ನು ಬಿಟ್ಟುಕೊಡತೊಡಗಿದರು. ಬಲೆಯ ನಷ್ಟಕ್ಕೆ ಪರಿಹಾರದ ಏರ್ಪಾಡೂ ಆಯಿತು. ರೂಪಕವೂ ಪರಿಹಾರವೂ ಕೂಡಿ ಬಂದುದರಿಂದಲೇ ಅದು ಫಲಿಸಿತೆಂಬುದನ್ನು ಮರೆಯಬಾರದು.

ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳಬಹುದು: ೨೦೧೯ರ ಆಗಸ್ಟಿನ ನೆರೆಯಲ್ಲಿ ಮನೆ ಕಳೆದುಕೊಂಡ ಗೋಕಾಕದವನಿಗೆ, ಬೇಸಿಗೆಯಲ್ಲಿ ಕಾಲುವೆಯ ನೀರಿಗೆ ಕಾಯುವ ಮೂಡಲಗಿಯ ರೈತನಿಗೆ, ಹಿಡಕಲ್ ಅಣೆಕಟ್ಟೆಗೆ ಊರನ್ನೇ ಬಿಟ್ಟುಕೊಟ್ಟ ಹುಕ್ಕೇರಿ ಕಡೆಯವನಿಗೆ ಕಾಣದ ಕಡಲಿನ ತಿಮಿಂಗಿಲದ ಗೊಡವೆ ಏಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಡಲು ನಮಗೆ ದೂರವೆಂಬ ಮಾತು ಅರ್ಧಸತ್ಯ. ನಮ್ಮ ಮಳೆಗಾಲದ ಮೋಡ ಏಳುವುದು ಅರಬ್ಬೀ ಸಮುದ್ರದಿಂದ. ಗೋಕಾಕದ ಬಂಡೆಯಿಂದ ೧೭೦ ಅಡಿ ಕೆಳಕ್ಕೆ ಧುಮುಕಿದ ಘಟಪ್ರಭೆ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಇದೇ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಹುಟ್ಟಿದ ಮಹಾದಾಯಿ ಪಡುವಣಕ್ಕಿಳಿದು ಪಣಜಿಯ ಬಳಿ ಕಡಲಾಗುತ್ತದೆ. ಅದರ ಅಳಿವೆಯಲ್ಲಿ, ನಮ್ಮ ಕಾಳಿ, ಶರಾವತಿಗಳು ಕಡಲು ಸೇರುವ ಕಾರವಾರ, ಹೊನ್ನಾವರಗಳ ಕರೆಯಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳಿವೆ. ದಂಡೆಗೆ ಹತ್ತಿರದ ಆಳವಿಲ್ಲದ ನೀರೇ ಅವುಗಳ ಮನೆ; ಆದುದರಿಂದ ನದಿ ಹೊತ್ತು ತಂದ ಹೊಲಸು ಮೊದಲು ತಗಲುವುದೂ ಅವಕ್ಕೇ. ಅಳಿವಿನಂಚಿಗೆ ಸರಿಯುತ್ತಿರುವ ಜಾತಿಯೆಂದು ಜಗತ್ತಿನ ಕೆಂಪುಪಟ್ಟಿಯಲ್ಲಿ ಅವು ಸೇರಿವೆ.

ನದಿಯವರಿಗೆ ಇನ್ನೂ ಒಂದು ಪಾಠವಿದೆ. ಚೀನದ ಯಾಂಗ್‌ಟ್ಸೆ ನದಿಯ ಡಾಲ್ಫಿನ್ ಅನ್ನು ೨೦೦೬ರಲ್ಲಿ ಹುಡುಕಿದವರಿಗೆ ಒಂದೂ ಸಿಗಲಿಲ್ಲ. ಅತ್ತ ಗಂಗೆಯ ಡಾಲ್ಫಿನ್ ಅನ್ನು ಭಾರತ ೨೦೧೦ರಲ್ಲಿ ರಾಷ್ಟ್ರೀಯ ಜಲಚರವೆಂದು ಸಾರಿತು. ೨೦೨೫ರಲ್ಲಿ ಪ್ರಕಟವಾದ ಮೊದಲ ದೇಶವ್ಯಾಪಿ ಗಣತಿಯಲ್ಲಿ ನದಿಯ ಡಾಲ್ಫಿನ್‌ಗಳ ಸಂಖ್ಯೆ ೬,೩೨೭. ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದೆಂದು ಹೆಸರಿಸಿದ ‘ಗಂಗಾಪುಪುಟಕ’ ಇದೇ ಪ್ರಾಣಿಯೆಂದು ವಿದ್ವಾಂಸರು ಹೇಳುತ್ತಾರೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ದೊರೆ ಅದರ ಹೆಸರನ್ನು ಕಲ್ಲಿನಲ್ಲಿ ಕೊರೆಸಿದ. ಹೆಸರು ಹಿಡಿದು ಕರೆದದ್ದೇ ರಕ್ಷಣೆಯ ಮೊದಲ ಹೆಜ್ಜೆ.

ನಮ್ಮ ಸೀಮೆಯ ಸಾಹಿತ್ಯಕ್ಕೆ ಕಡಲು ಪರಕೀಯವೆಂದೂ ಹೇಳುವಂತಿಲ್ಲ. ಹಿಂದಿನ ಗೋಕಾಕ ತಾಲೂಕಿನ ಕುಲಗೋಡ, ಕೌಜಲಗಿಗಳು ಶ್ರೀಕೃಷ್ಣ ಪಾರಿಜಾತದ ತವರು. ಕುಲಗೋಡ ತಮ್ಮಣ್ಣನ ಕಾಲದಿಂದ ಕೌಜಲಗಿ ನಿಂಗಮ್ಮನ ಕಾಲದವರೆಗೆ ಇಲ್ಲಿಯ ಜನ ರಾತ್ರಿಯಿಡೀ ಕೂತು ನೋಡಿದ್ದು ದ್ವಾರಕೆಯ ಕಥೆಯನ್ನು. ಸಮುದ್ರದೊಳಗಿನ ಪಟ್ಟಣದ ಸತ್ಯಭಾಮೆಯನ್ನು. ಸಮುದ್ರ ನಮ್ಮದಲ್ಲ ಎಂದು ಯಾರೂ ಎದ್ದು ಹೋಗಲಿಲ್ಲ. ಗೋಕಾಕವೆಂಬ ಮನೆತನದ ಹೆಸರು ಹೊತ್ತ ವಿನಾಯಕರೇ ೧೯೪೦ರಲ್ಲಿ ‘ಸಮುದ್ರಗೀತೆಗಳು’ ಕೊಟ್ಟು, ಕಡಲಿನ ಲಯಕ್ಕಾಗಿ ಕನ್ನಡ ಛಂದಸ್ಸಿನ ಕಟ್ಟನ್ನು ಸಡಿಲಿಸಿದರು. ಬೆಟಗೇರಿ ಕೃಷ್ಣಶರ್ಮರು, ಬಸವರಾಜ ಕಟ್ಟೀಮನಿಯವರು, ಘೋಡಗೇರಿಯ ಕಂಬಾರರು ಈ ಮಣ್ಣಿನಿಂದ ಎದ್ದು ಬಂದವರು. ಕಂಬಾರರು ಶಿವಾಪುರವೆಂಬ ಒಂದು ಊರಿನಲ್ಲಿಯೇ ಜಗತ್ತನ್ನು ತೋರಿಸಿದರು. ಇಷ್ಟೆಲ್ಲ ಕಲ್ಪನಾಶಕ್ತಿಯುಳ್ಳ ನಾಡು ತಿಮಿಂಗಿಲಕ್ಕೆ ಬೈಗುಳನ್ನು ಬಿಟ್ಟು ಬೇರೊಂದು ಮಾತು ಕೊಡಲಾರದೇ?

ಕೊಡಬೇಕಾದ ಕಥೆಗಳೂ ಹತ್ತಿರದಲ್ಲಿಯೇ ಇವೆ. ಅರಬ್ಬೀ ಸಮುದ್ರದ ಗೂನುಬೆನ್ನಿನ ತಿಮಿಂಗಿಲಗಳು ಬೇರೆ ಕಡಲಿನವುಗಳಂತೆ ಧ್ರುವದ ಕಡೆಗೆ ವಲಸೆ ಹೋಗುವುದಿಲ್ಲ. ಇಲ್ಲಿಯೇ ಹುಟ್ಟಿ ಇಲ್ಲಿಯೇ ಬಾಳುತ್ತವೆ. ೧೯೬೫ ಮತ್ತು ೧೯೬೬ರಲ್ಲಿ ಸೋವಿಯತ್ ಹಡಗುಗಳು ಈ ಸಮುದ್ರದಲ್ಲಿ ಅವುಗಳಲ್ಲಿ ೨೪೨ನ್ನು ಗುಟ್ಟಾಗಿ ಕೊಂದವು. ಒಮಾನಿನ ತೀರದಲ್ಲಿ ಈಗ ಉಳಿದವು ನೂರಕ್ಕಿಂತ ಕಡಿಮೆಯೆಂದು ಅಂದಾಜು. ೨೦೧೭ರಲ್ಲಿ ಒಮಾನಿನ ವಿಜ್ಞಾನಿಗಳು ‘ಲುಬಾನ್’ ಎಂದು ಹೆಸರಿಟ್ಟು ಉಪಗ್ರಹದ ಗುರುತು ಕಟ್ಟಿದ ಹೆಣ್ಣೊಂದು ಇಡೀ ಕಡಲು ದಾಟಿ ಭಾರತದ ದಕ್ಷಿಣ ತೀರದವರೆಗೆ ಬಂದಿತು. ಲುಬಾನ್ ಎಂದರೆ ಅರಬ್ಬಿಯಲ್ಲಿ ಧೂಪ. ನಮ್ಮ ಮಳೆ ಹುಟ್ಟುವ ಕಡಲಿನಲ್ಲಿ, ನಮ್ಮ ನೆರೆಯವಳಾಗಿ, ಹೆಸರುಳ್ಳ ಒಂದು ಜೀವ ಓಡಾಡಿತೆಂಬುದು ಕನ್ನಡದ ಎಷ್ಟು ಕವಿಗಳಿಗೆ ತಿಳಿಯಿತು?

ಕವಿಗಳಿಗೆ ಅಪ್ಪಣೆ ಕೊಡಲು ವಿಮರ್ಶಕ ಯಾರು? ಮಾತಿನ ಲೆಕ್ಕ ಕೇಳುವ ಅಧಿಕಾರವಷ್ಟೇ ಅವನದು. ಪತ್ರಿಕೆ ಬರೆಯುವವರು, ಪಾಠ ಹೇಳುವವರು, ಮಕ್ಕಳಿಗೆ ಕಥೆ ಹೇಳುವ ಅಜ್ಜಿಯರು ಈ ಒಂದು ಶಬ್ದವನ್ನು ಬಳಸುವಾಗ ಕ್ಷಣ ತಡೆದರೆ ಸಾಕು. ಆ ಹಿರಿಯರನ್ನು ಮತ್ತೆ ಕಂಡರೆ ನಾನು ಹೇಳಬೇಕೆಂದಿದ್ದೇನೆ: ಲಂಚ ನುಂಗಿದವನಿಗೆ ಲಂಚಕೋರನೆಂಬ ಹೆಸರೇ ಸಾಕ್ರೀ ಅಜ್ಜಾ, ಹಲ್ಲೇ ಇಲ್ಲದ, ನೆತ್ತಿಯ ಮೇಲಿನ ಮೂಗಿನಿಂದ ಉಸಿರಾಡುವ, ಮರಿಗೆ ಹಾಲೂಡುವ ಆ ತಾಯಿಯ ಹೆಸರನ್ನು ಅವನಿಗೆ ಕೊಡಬ್ಯಾಡ್ರಿ.